ಕುಂಕುಮ ಹಚ್ಚಿಸಿಕೊಂಡ ಇಂಗ್ಲಿಷ್ ಗಡಿಯಾರ

ಸಮಯ ತಿಳಿಯಲೆಂದೇ ಕೈಗಡಿಯಾರ ಕಟ್ಟುವವರೂ ಇದ್ದಾರಂತೆ. ನಾನು ಮಾತ್ರ ಇನ್ನೊಬ್ಬರು ನೋಡಲಿ ಎಂದು ಕಟ್ಟಿದವನು. ಆ ಇನ್ನೊಬ್ಬರು ನಮ್ಮ ಮ್ಯಾನೇಜರ್ ನೈಜೆಲ್. ಕಚ್ಚಾ ಎಣ್ಣೆ ಬೆಲೆ ಬಿದ್ದು, ಎಣ್ಣೆ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನ ನಮ್ಮ ಆಫೀಸಿನಿಂದ ದಿನಕ್ಕೊಬ್ಬರು ಕೆಲಸ ಕಳೆದುಕೊಂಡು ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಿದ್ದ ಕಾಲ. ನನ್ನ ಸರದಿ ತಪ್ಪಿಸಿಕೊಳ್ಳಲು ಒಂದು ಉಪಾಯ ಹೊಳೆಯಿತು. ನೈಜೆಲ್ ಇಂಗ್ಲೆಂಡಿನ ಒಂದು ಪುಟ್ಟ ಊರಿನವನು. ಆ ಊರಿನ ಪರಂಪರೆಯನ್ನೇ ವಾಚಿಗಿಳಿಸುವವರು ಅಲ್ಲಿದ್ದಾರೆಂದು ಇಂಟರ್ನೆಟ್ಟಿನಲ್ಲಿ ನೋಡಿ ಒಂದನ್ನು ತರಿಸಿದೆ. ಅದರ ಮುಖ ಅವರ ಸಂತೆಪೇಟೆಯ ಗಡಿಯಾರ ಗೋಪುರದ ಪಡಿಯಚ್ಚು. ದಿನಾ ಬೆಳಿಗ್ಗೆ ಕೀ ಕೊಡಬೇಕು.

ಮೂರು ವಾರ ನೈಜೆಲ್‌ನ ಕಣ್ಣೆದುರು ಕೈ ಆಡಿಸಿದೆ. ಎಡಗೈಯಲ್ಲೇ ಕಾಫಿ ಕುಡಿದೆ, ಎಡಗೈಯಲ್ಲೇ ಗಲ್ಲ ತುರಿಸಿಕೊಂಡೆ. "ಭುಜ ನೋವೇ?" ಎಂದು ಕೇಳಿದ, ಅಷ್ಟೇ. ಕೊನೆಗೆ ಆಯುಧಪೂಜೆಯ ಊಟಕ್ಕೆ ಕರೆದೆ. ನಾವಿರುವ ಈ ಪರದೇಶದ ಕೇಟಿ ಊರಿನಲ್ಲಿ ಹಬ್ಬಕ್ಕೆ ರಜೆಯಿಲ್ಲ, ಹತ್ತಿರದ ಶನಿವಾರಕ್ಕೆ ತಳ್ಳುತ್ತೇವೆ, ದೇವಿ ಹೊಂದಿಕೊಂಡಿದ್ದಾಳೆ.

ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಬೆಳಿಗ್ಗೆಯೇ ಎರಡು ಕಾರು, ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ಪೂಜೆ ಮುಗಿಸಿದ್ದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ವಾಚು ನೀರು ತುಂಬಿದ ತಟ್ಟೆಯಲ್ಲಿ ಮುಳುಗಿತ್ತು. ಗಾಜಿನೊಳಗೆ ಕುಂಕುಮದ ನೀರು. ಮುಳ್ಳು ಹನ್ನೊಂದೂ ಇಪ್ಪತ್ತಕ್ಕೆ ನಿಂತಿತ್ತು.

"ಅತ್ತೀ, ಇದು ಇಂಗ್ಲೆಂಡಿಂದರೀ!"

"ಕುಕ್ಕರಿಗೂ ಹಚ್ಚೀನಿ. ನಿಮ್ಮ ಗಡಿಯಾರ ಏನು ಪಾಪ ಮಾಡೇದ?"

ತಪ್ಪು ಅತ್ತೆಯದೆಂದು ಬಹಳ ಕಾಲ ಎಲ್ಲರಿಗೂ ಹೇಳುತ್ತಿದ್ದೆ. ಹೇಳಿ ಹೇಳಿ ನಾನೇ ನಂಬಿದ್ದೆ. "ಕೀ ಕೊಡೋ ಗುಂಡಿ ಎಳದು ಹಂಗ ಬಿಟ್ಟು ಹೋದವ್ರು ನೀವ ಅಲ್ರೀ? ನೀರು ಅಲ್ಲಿಂದನ ಒಳಗ ಹೋಗೇದ" ಎನ್ನುತ್ತಾಳೆ ಹೆಂಡತಿ. ಇರಬಹುದು. ನನ್ನ ನೆನಪಿನಲ್ಲಿ ನಾನು ಯಾವಾಗಲೂ ಸ್ನಾನದ ಮನೆಯಲ್ಲೇ ಇರುತ್ತೇನೆ.

ಬಾಗಿಲ ಗಂಟೆ ಸದ್ದಾಯಿತು, ನೈಜೆಲ್ ಬಂದಿದ್ದ. ವಾಚನ್ನು ತೊಟ್ಟಿಕ್ಕುತ್ತಿರುವಂತೆಯೇ ಕಟ್ಟಿ ಅದರ ಮೇಲೆ ಅಂಗಿಯ ತೋಳು ಎಳೆದುಕೊಂಡೆ. ಊಟದಲ್ಲಿ ಹೋಳಿಗೆಯ ತಟ್ಟೆಗೆ ಕೈ ಚಾಚಿದಾಗ ತೋಳು ಸರಿಯಿತು, ಮೂರು ವಾರ ಏನೂ ಕಾಣದಿದ್ದ ನೈಜೆಲ್ ತಟ್ಟನೆ ನನ್ನ ಮಣಿಕಟ್ಟು ಹಿಡಿದ.

"ಇದೇನು ಕೆಂಪು?"

"ನಿಮ್ಮೂರಿನ ಇಟ್ಟಿಗೆಯ ಬಣ್ಣ. ವಿಶೇಷ ಆವೃತ್ತಿ."

"ನಮ್ಮೂರಲ್ಲಿ ಇರುವುದೆಲ್ಲ ಬೂದು ಕಲ್ಲು."

ಅಷ್ಟರಲ್ಲಿ ಮಗಳು ಇಂಗ್ಲಿಷಿನಲ್ಲಿ, ಅಜ್ಜಿ ವಾಚಿಗೆ ಸ್ನಾನ ಮಾಡಿಸಿದ್ದನ್ನೂ ಡ್ಯಾಡಿ ಅತ್ತದ್ದನ್ನೂ ವರದಿ ಒಪ್ಪಿಸಿದಳು. ನಾನು ಮನಸ್ಸಿನಲ್ಲೇ ರಟ್ಟಿನ ಪೆಟ್ಟಿಗೆ ಹುಡುಕತೊಡಗಿದೆ. ನೈಜೆಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಆ ಗೋಪುರದ ಗಡಿಯಾರ ನಾನು ಹುಟ್ಟುವ ಮೊದಲೇ ನಿಂತುಹೋಗಿದೆ ಮಾರಾಯ. ನಿನ್ನ ವಾಚು ಈಗ ಅಪ್ಪಟ ನಮ್ಮೂರಿನದಾಯಿತು!"

ಅತ್ತೆ ಅವನಿಗೆ ಇನ್ನೊಂದು ಹೋಳಿಗೆ ಬಡಿಸಿದರು.

ಕೆಲಸ ಉಳಿಯಿತು, ನಿಂತ ವಾಚೂ ಕೈಯಲ್ಲೇ ಉಳಿಯಿತು. ವರ್ಷದ ಕೊನೆಯ ರಿವ್ಯೂನಲ್ಲಿ ನೈಜೆಲ್ ಒಂದೇ ಒಂದು ದೋಷ ಬರೆದಿದ್ದ: ಸಮಯಪಾಲನೆ ಸುಧಾರಿಸಬೇಕು. ಸುಧಾರಿಸುವುದು ಹೇಗೆ? ವಾಚು ಬಿಚ್ಚಿಟ್ಟರೆ ಅವನಿಗೆ ಬೇಸರ. ರಿಪೇರಿ ಮಾಡಿಸಿದರೆ ಅದು ನಕಲಿಯಾಗುತ್ತದೆ.