ಅಣ್ಣ ಹಾಕಿದ ಮುತ್ತಿಗೆ

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಒಂದು ಮಂಗಳವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಶಾಲೆಗೆ ಅಂತ ಹೊರಟವನು ಅಜ್ಜಂಪುರ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಹತ್ತಿಬಿಟ್ಟೆ. ಕಡೂರು ಮುಟ್ಟುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು, ನನ್ನ ವಿದ್ಯಾಭ್ಯಾಸವೂ ಮುಗಿದಿತ್ತು. ಅಲ್ಲಿಂದ ಇಲ್ಲಿವರೆಗೆ ಹೋಟ್ಲು, ಪಂಕ್ಚರ್ ಅಂಗಡಿ, ಶಾಮಿಯಾನದ ಗೋಡೌನು ಅಂತ ಎಲ್ಲೆಲ್ಲಿ ಇದ್ದರೂ ನಡೆಯುವುದು ಒಂದೇ. ಅಣ್ಣ ಹುಡುಕಿಕೊಂಡು ಬರುತ್ತಾನೆ, ಕೈ ಹಿಡಿದು ಊರಿಗೆ ಎಳೆದೊಯ್ದು ತೆಂಗಿನ ತೋಟದ ಮೋಟಾರ್ ಮನೆಯಲ್ಲಿ ಕೂರಿಸುತ್ತಾನೆ. ನಾನು ತಿಂಗಳೊಳಗೆ ಮತ್ತೆ ಓಡುತ್ತೇನೆ.

ಈಗ ಇರುವುದು ತರೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಅರ್ಧ ಜೆರಾಕ್ಸು, ಅರ್ಧ ಗೇಮು. ಎಲ್ಲರೂ ಕೇಳುವುದು ಹಳೇ ಕಾಲದ ಕೋಟೆ ಯುದ್ಧದ ಗೇಮನ್ನೇ. ಒಬ್ಬ ಕೋಟೆ ಕಟ್ಟಿ ಕಾಯಬೇಕು, ಇನ್ನೊಬ್ಬ ಮುತ್ತಿಗೆ ಹಾಕಿ ಹಿಡಿಯಬೇಕು. ಹೋದ ವಾರ ಅಣ್ಣನ ಫೋನ್ ಬಂತು. "ಸೋಮವಾರ ಬತ್ತೀನಿ. ಈ ಸಲ ನೀನು ಊರಲ್ಲೇ ನಿಲ್ಲೋದು ಕಣೋ, ಮುಗೀತು." ಅವತ್ತಿಂದ ನನಗೆ ಊಟ ಸೇರಲಿಲ್ಲ. ಅಣ್ಣನನ್ನು ತಡೆಯುವ ಉಪಾಯ ಏನಾದರೂ ಸಿಕ್ಕೀತೇನೋ ಅಂತ, ಬಂದವರೆಲ್ಲ ಮುತ್ತಿಗೆ ಹೇಗೆ ಆಡುತ್ತಾರೆ ಅಂತ ಕಣ್ಣಿಟ್ಟು ನೋಡತೊಡಗಿದೆ.

೧. ಸಾಹುಕಾರರ ಕಣಜ

ಎದುರಿನ ಅಡಿಕೆ ಮಂಡಿ ಸಾಹುಕಾರರು ವ್ಯಾಪಾರ ಇಲ್ಲದಾಗ ಬಂದು ಕೂರುತ್ತಾರೆ. ಅವತ್ತು ಕೋಟೆ ಅವರದು, ಮುತ್ತಿಗೆ ಹಾಕಿದ್ದು ಕಂಪ್ಯೂಟರ್. ಗೋಡೆ ಗಟ್ಟಿ, ಬಾಗಿಲು ಭದ್ರ, ಕಣಜದ ತುಂಬ ಧಾನ್ಯ. ಒಂದು ವರ್ಷ ಕೂತು ತಿನ್ನಬಹುದು. ಇದ್ದಕ್ಕಿದ್ದಂತೆ ಸಾಹುಕಾರರು ಕುರ್ಚಿ ತುದಿಗೆ ಬಂದರು. ಹಣೆಯಲ್ಲಿ ಬೆವರು.

"ಏನಾಯ್ತು ಸಾಹುಕಾರ್ರೆ, ಗೋಡೆ ಒಡೆದ್ರಾ?"

"ಗೋಡೆ ಹಾಳಾಗೋಗ್ಲಿ, ಈ ರೇಟ್ ನೋಡೋ!"

ಮುತ್ತಿಗೆ ಬಿದ್ದ ಊರಿನಲ್ಲಿ ಧಾನ್ಯದ ಬೆಲೆ ಏರುತ್ತದೆ, ಗೇಮಿನ ಲೆಕ್ಕಾಚಾರವೇ ಹಾಗೆ. ನಾನು ಬೇಡ ಬೇಡ ಅನ್ನುವುದರೊಳಗೆ ಕಣಜ ಪೂರ್ತಿ ಮಾರಿಬಿಟ್ಟರು. ಮೂರೇ ನಿಮಿಷಕ್ಕೆ ಸೈನಿಕರು ಹಸಿದು ಉರುಳಿದರು, ಶತ್ರು ಒಳಗೆ ಬಂದ.

ಸಾಹುಕಾರರು ಎದ್ದು ಶಲ್ಯ ಕೊಡವಿಕೊಂಡರು. "ಕೋಟೆ ಹೋದ್ರೂ ಮಾಲು ಒಳ್ಳೇ ರೇಟಿಗೆ ಹೋಯ್ತು ಬಿಡು."

೨. ತಕರಾರಿನ ಜಾಗ

ಇನ್ನೊಬ್ಬರು ಲಿಂಗದಹಳ್ಳಿ ಕಡೆಯವರು, ಸರ್ವೆ ಕೆಲಸದಿಂದ ನಿವೃತ್ತರು. ಅವರದು ಮುತ್ತಿಗೆ ಹಾಕುವ ಪಕ್ಷ. ಕಲ್ಲೆಸೆಯುವ ಯಂತ್ರ ನಿಲ್ಲಿಸಿ ನಾಲ್ಕು ಏಟು ಹೊಡೆದರೆ ಗೋಡೆ ಬೀಳುತ್ತಿತ್ತು. ಶತ್ರುವಿನ ಸಹಾಯಕ್ಕೆ ದೊಡ್ಡ ದಂಡು ಬೇರೆ ಬರುತ್ತಿದೆ, ದೂಳು ಕಾಣುತ್ತಿದೆ. ಇವರು ಯಂತ್ರವನ್ನು ಅತ್ತ ಸರಿಸಿದರು, ಇತ್ತ ಸರಿಸಿದರು.

"ಸಾರ್, ಹೊಡೀರಿ ಸಾರ್!"

"ತಡಿಯಪ್ಪಾ. ಈ ಬೇಲಿ ಆಚೆ ಹೊಲ ಯಾರ ಖಾತೇಲಿದೆ? ಗಡಿ ಅಳೆದು ಹದ್ದುಬಸ್ತು ಆಗ್ದಿರೋ ಜಾಗದಲ್ಲಿ ಯಂತ್ರ ಹೂಡೋಕಾಗುತ್ತಾ?"

ಬೇಲಿಯಿಂದ ಒಂದೇ ಅಳತೆ ಬಿಟ್ಟು ನಾಲ್ಕೂ ಯಂತ್ರ ಸಾಲಾಗಿ ನಿಲ್ಲಿಸುವ ಹೊತ್ತಿಗೆ ದಂಡು ಬಂದು ಇವರ ಸೈನ್ಯವನ್ನು ತೊಳೆದುಹಾಕಿತು. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಸೋತಿರಬಹುದು. ಆದ್ರೆ ನಾಳೆ ಯಾರೂ ನನ್ನ ಮೇಲೆ ಅರ್ಜಿ ಹಾಕೋ ಹಾಗಿಲ್ಲ."

೩. ಐದೂವರೆ ಬಸ್ಸು

ಸೋಮವಾರ ಮಧ್ಯಾಹ್ನ ಅಣ್ಣ ಬಂದೇಬಿಟ್ಟ. ಬಂದವನೇ, "ಏಳೋ. ಬಟ್ಟೆ ತಗೋ."

ನನಗೆ ಹೊಳೆದಿದ್ದು ಒಂದೇ ದಾರಿ. "ಅಣ್ಣ, ಒಂದಾಟ ಆಡೋಣ. ಐದೂವರೆ ಬಸ್ ಬರೋದ್ರೊಳಗೆ ನನ್ನ ಕೋಟೆ ಹಿಡಿ, ತುಟಿ ಪಿಟಕ್ ಅನ್ನದೆ ಬರ್ತೀನಿ. ಇಲ್ಲಾಂದ್ರೆ ನೀನೊಬ್ನೇ ಬಸ್ ಹತ್ತು. ಇನ್ಮೇಲೆ ಹುಡುಕ್ಕೊಂಡು ಬರ್ಬಾರ್ದು."

ಅಣ್ಣ ಮೊಬೈಲಿನಲ್ಲೇ ತೋಟದ ಮೋಟಾರ್ ಆನ್ ಮಾಡುವ ಮನುಷ್ಯ, ಅರ್ಧ ಗಂಟೆಯಲ್ಲಿ ಗೇಮ್ ಕಲಿತ. ನಾನು ಕೋಟೆ ಸುತ್ತ ಬರೀ ತೆಂಗಿನಂಥ ಮರಗಳಿರುವ ಜಾಗ ಆರಿಸಿದ್ದೆ. ಬಾಗಿಲು ಗುದ್ದುವ ದಿಮ್ಮಿಗೆ ಅಣ್ಣ ಆ ಮರಗಳನ್ನೇ ಕಡಿಯಬೇಕು.

"ಫಲಕ್ಕೆ ಬಂದಿರೋ ಮರ ಕಡಿಯೋದಾ? ಥೂ, ನಿನ್ ಬುದ್ಧಿಗಿಷ್ಟು!" ಅಂದ. ದಂಡನ್ನು ಕೋಟೆ ಸುತ್ತ ಕೂರಿಸಿ, ಕೈಕಟ್ಟಿ ಕೂತುಬಿಟ್ಟ.

ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ತ್ರೀ ಫೇಸ್ ಕರೆಂಟಿಗಾಗಿ ಜೀವನಪೂರ್ತಿ ಕಾದವನ ಮುಂದೆ ಕಾಯುವ ಆಟ ಆಡಬಾರದು. ನಾಲ್ಕು ಗಂಟೆಗೆ ನನ್ನ ಕಣಜ ಅರ್ಧವಾಯ್ತು. ನಾಲ್ಕೂವರೆಗೆ ತಳ ಕಂಡಿತು. ಐದಕ್ಕೆ ಬಿಲ್ಲುಗಾರರು ಒಬ್ಬೊಬ್ಬರೇ ಗೋಡೆ ಮೇಲಿಂದ ಉದುರತೊಡಗಿದರು. ಮೋಟಾರ್ ಮನೆಯ ಗ್ರೀಸ್ ವಾಸನೆ ಆಗಲೇ ಮೂಗಿಗೆ ಬಡಿಯಿತು.

ಅಷ್ಟರಲ್ಲಿ ಅಣ್ಣನ ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. "ಏನೋ ಇದು? ಓದು."

"ಕೋಟೆ ಒಳಗೆ ಜನ ಉಪವಾಸ ಬಿದ್ದಿದಾರೆ ಅಂತ."

"ಮಕ್ಳೂ ಇದಾರಾ?"

"ಊರು ಅಂದ್ಮೇಲೆ ಇರಲ್ವಾ?"

ಅಣ್ಣನ ಮುಖ ಸಣ್ಣಗಾಯ್ತು. ಪ್ರತಿ ವರ್ಷ ಮಠದ ದಾಸೋಹಕ್ಕೆ ಅಕ್ಕಿ ಹೊತ್ತು, ಕೊನೇ ಪಂಕ್ತಿ ಎದ್ದಮೇಲೇ ತಾನು ಎಲೆ ಮುಂದೆ ಕೂರುವವನು ಅವನು. ಗೇಮಿನಲ್ಲಿ ಧಾನ್ಯ ಕಳಿಸುವ ಒಂದು ಬಟನ್ ಇದೆ. ಶತ್ರುವಿಗೆ ಧಾನ್ಯ ಕಳಿಸಲು ಅದನ್ನು ಒತ್ತಿದವರನ್ನು ನಾನು ಅವತ್ತೇ ಕಂಡಿದ್ದು. ಗಾಡಿಗಳ ಸಾಲು ನನ್ನ ಬಾಗಿಲಿಗೆ ಬಂತು.

"ಅಣ್ಣ, ಏನ್ ಮಾಡ್ತಿದೀಯ?"

"ಉಣ್ಣಲಿ. ಊಟ ಆದ್ಮೇಲೆ ಹೊಡೆದಾಡಣ."

ಅವರು ಉಂಡು ಮುಗಿಸುವುದರೊಳಗೆ ಹೊರಗೆ ಬಸ್ಸು ಹಾರನ್ ಹೊಡೆಯಿತು. ಕೋಟೆ ನನ್ನದೇ. ಗೆದ್ದಿದ್ದೆ! ಅಣ್ಣ ಬಸ್ಸನ್ನು ನೋಡಿದ, ಪರದೆಯನ್ನು ನೋಡಿದ. "ಇನ್ನೊಂದ್ಸಲ ಕೋಟೆ ಕಟ್ಟೋ," ಅಂದ.

ಆ ಬಸ್ಸು ಹೋಯ್ತು. ಅದರ ಮುಂದಿನದೂ ಹೋಯ್ತು. ಇವತ್ತು ಗುರುವಾರ, ಅಣ್ಣ ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ. ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿದ್ದರು. "ಏನಪ್ಪಾ, ನೀನು ಕೆಟ್ಟಿದ್ದು ಸಾಲ್ದು ಅಂತ ಅವರನ್ನೂ ಕೂರಿಸ್ಕೊಂಡಿದೀಯಾ? ಬಸ್ ಹತ್ತಿದೀನಿ. ಇಬ್ರೂ ಅಲ್ಲೇ ಇರಿ."

ನಾನು ಎರಡು ಅಂಗಿ, ಚಾರ್ಜರ್, ಟವೆಲ್ಲು ಬ್ಯಾಗಿಗೆ ತುರುಕಿ ಜಿಪ್ ಎಳೆದೆ. ಸದ್ದಿಗೆ ಅಣ್ಣ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ:

"ಎಲ್ಲಿಗೋ?"

"ಮನೆಗಂತೂ ಅಲ್ಲ ಅಣ್ಣ. ಓಡಿಹೋಗ್ತಿದೀನಿ."

"ಹ್ಞೂಂ, ಓಡು. ಹೋಗೋಕ್ಮುಂಚೆ ಒಂದು ಹೇಳು, ಗೋಡೆ ಕೆಳಗೆ ಸುರಂಗ ತೋಡೋದಕ್ಕೆ ಯಾವ ಬಟನ್ ಒತ್ಬೇಕು?"