ಹೆಳವ ನುಂಗಿದ ಮಾತು

ಯಮನವ್ವ ಊಟದ ತಟ್ಟೆಯ ಮುಂದೆ ಕುಳಿತೇ ಪ್ರತಿಜ್ಞೆ ಮಾಡಿಬಿಟ್ಟಳು. ಪುಣೆಯ ಕೋಥರೂಡದ ಆ ಸೊಸೈಟಿಯ ಕಟ್ಟಡವೇ ನಡುಗಿತು ಎಂದರೂ ತಪ್ಪಿಲ್ಲ, ಏಕೆಂದರೆ ಕೈಯಲ್ಲಿದ್ದ ಹಿತ್ತಾಳೆಯ ಚೊಂಬನ್ನು ನೆಲಕ್ಕೆ ಕುಟ್ಟಿದ್ದಳು.

“ನಮ್ಮ ವಂಶದಾಗ ಹೆಂಡ್ತಿ ಮನ್ಯಾಗ ಕುಂತು ಉಂಡ ಗಂಡಸು ಒಬ್ಬನೂ ಇಲ್ಲ. ಏಳು ತಲಿ ತೆಗೆದು ತೋರಸ್ತೀನಿ ಆ ಬಾರಾಮತಿಯವಗ!”

ಬಾರಾಮತಿಯವನೆಂದರೆ ಶಿವಪುತ್ರಪ್ಪ. ಅಲ್ಲಿ ಹಾಲಿನ ಡೇರಿ ಇಟ್ಟುಕೊಂಡ ಕನ್ನಡದವನು. ಅವನ ಒಬ್ಬಳೇ ಮಗಳು ಸೋನಾಲಿಯನ್ನು ಯಮನವ್ವನ ಮೊಮ್ಮಗ ಮನೋಹರ ಮೆಚ್ಚಿದ್ದ, ಅವಳೂ ಇವನನ್ನು ಮೆಚ್ಚಿದ್ದಳು. ಶಿವಪುತ್ರಪ್ಪ ಕೇಳಿದ್ದು ಎರಡೇ ಮಾತು. ಮದುವೆಯಾದ ಮೇಲೆ ಹುಡುಗ ಬಾರಾಮತಿಯಲ್ಲೇ ಇದ್ದು ಡೇರಿ ನೋಡಿಕೊಳ್ಳಬೇಕು. ಮತ್ತೆ, ನಿಮ್ಮ ಬೆಡಗು ಯಾವುದು ಹೇಳಿ; ಎರಡೂ ಮನೆಯದು ಒಂದೇ ಬೆಡಗಾದರೆ ಹುಡುಗ ಹುಡುಗಿ ಅಣ್ಣ ತಂಗಿ ಆಗಿಬಿಡುತ್ತಾರೆ, ಅಕ್ಷತೆ ಬೀಳುವಂತಿಲ್ಲ.

ಮೊದಲನೆಯ ಮಾತಿಗೆ ಯಮನವ್ವನ ಮೈ ಉರಿಯಿತು. ಎರಡನೆಯದಕ್ಕೆ ಬಾಯಿ ಕಟ್ಟಿತು. ಯಾರ ಮದುವೆಯಲ್ಲಿ ಯಾರು ಹೋಳಿಗೆಗೆ ತುಪ್ಪ ಬಡಿಸಲಿಲ್ಲ ಎಂಬುದು ಇವತ್ತಿಗೂ ಅವಳಿಗೆ ನೆನಪಿದೆ. ಆದರೆ ಗಂಡನ ಜೊತೆ ಗಾರೆ ಹೊರುತ್ತ ಪುಣೆಗೆ ಬಂದ ಗಡಿಬಿಡಿಯಲ್ಲಿ ಬೆಡಗಿನ ಹೆಸರು ಮಾತ್ರ ಎಲ್ಲೋ ಉದುರಿಹೋಗಿತ್ತು.

ಮನೋಹರ ಅಜ್ಜಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಮೊಬೈಲಿನಲ್ಲಿ ಹುಡುಕಲು ಕುಳಿತ. “ಹಿರ್‍ಯಾರ ಹೆಸರು ಹೇಳು, ಆಯಿ.”

“ಸಿದ್ರಾಮ. ಅವನ ಮಗ ಭೀಮಣ್ಣ. ಅವನ ಮಗ ಸಿದ್ರಾಮ. ಅವನ ಮಗ ಭೀಮಣ್ಣ.”

“ಬ್ಯಾರೆ ಹೆಸರು ಸಿಗಲಿಲ್ಲೇನು ಇವರಿಗೆ?”

“ಅಜ್ಜನ ಹೆಸರು ಮೊಮ್ಮಗಗ ಇಡೂ ಮನಿ ನಮ್ಮದು. ನೀ ಮನೋಹರ ಆಗಿದ್ದು ನಿಮ್ಮವ್ವನ ಹಟ.”

ಒಳಗಿನಿಂದ ಸೊಸೆ ಸಾಬವ್ವ ಸೌಟು ಸಪ್ಪಳ ಮಾಡಿ ಉತ್ತರ ಕೊಟ್ಟಳು. ಮೊಬೈಲು ಬಹಳ ಹೊತ್ತು ಯೋಚಿಸಿ ಒಬ್ಬ ಭೀಮಣ್ಣನನ್ನು ತೋರಿಸಿತು. ಅವನು ಟ್ರ್ಯಾಕ್ಟರ್ ಮಾರುವವನು, ಮೀಸೆ ತಿರುವಿ ನಗುತ್ತಿದ್ದ.

“ರೈಲು ಬರೂ ಕಾಲದವರು ಇದರಾಗ ಸಿಗೂದಿಲ್ಲೋ,” ಎಂದಳು ಯಮನವ್ವ. “ಹೆಳವ ಬರಬೇಕು.”

ಅವರ ಕಡೆ ಪ್ರತಿ ಮನೆತನಕ್ಕೂ ಒಬ್ಬ ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ತಲೆತಲಾಂತರದ ಹೆಸರುಗಳನ್ನು ಹಾಡಿನಂತೆ ಹೇಳಿ, ಕಾಳು ಇಸಿದುಕೊಂಡು ಹೋಗುವವನು. ಇವರ ಹೆಳವ ತಿಪ್ಪಣ್ಣ ಫೋನಿಗೆ ಸಿಕ್ಕ.

“ಬಸ್ಸಿಗೆ ಬರ್ತೀನಿ ಯವ್ವಾ.”

“ಬಸ್ಸಿಗ್ಯಾಕ? ಎತ್ತು ಬೇಕು. ಬೀಗರು ನೋಡಬೇಕು.” ಆಮೇಲೆ ದನಿ ತಗ್ಗಿಸಿದಳು. “ಮತ್ತ, ದೊಡ್ಡಸ್ತಿಕೆದು ಅಷ್ಟ ಹೇಳು. ಬೀಗರ ಮುಂದ ಹೇಳಬಾರದ್ದು ಏನರ ಇದ್ರ ನುಂಗಿಬಿಡು.”

“ನುಂಗಿದೆ ಅಂತ ತಿಳೀರಿ,” ಎಂದ ತಿಪ್ಪಣ್ಣ.

ಆ ಭಾನುವಾರ ಟೆಂಪೋದಿಂದ ಎತ್ತು ಇಳಿಯಿತು. ಕೊಂಬಿಗೆ ಗೊಂಡೆ, ಕೊರಳಿಗೆ ಗಂಟೆ. ವಾಚ್‌ಮನ್ ಎತ್ತನ್ನು ಒಳಗೆ ಬಿಡುವುದಿಲ್ಲವೆಂದು ಅಡ್ಡ ನಿಂತ. “ಆಜಿ, ಬೈಲ ಆತ ನಾಹೀ ಚಾಲಣಾರ.”

“ಬೈಲ ನಾಹೀ, ಪಾಹುಣಾ ಆಹೇ,” ಎಂದಳು ಯಮನವ್ವ. ಎತ್ತಲ್ಲ, ನೆಂಟ. ನೆಂಟನನ್ನು ಸ್ಕೂಟರ್ ನಿಲ್ಲಿಸುವ ಕಡೆ ಕಟ್ಟಲಾಯಿತು. ಅದು ಸುಮ್ಮನೆ ನಿಂತೀತೇ? ಸೆಕ್ರೆಟರಿಯ ಹೊಸ ಸ್ಕೂಟರಿಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ನಿಧಾನವಾಗಿ ಮುಗಿಸಿತು. ಕೆಳಗೆ ಜಗಳ ಶುರುವಾಯಿತು. ಯಮನವ್ವನ ಮಗ, ಮನೋಹರನ ಅಪ್ಪ ಭೀಮಣ್ಣ ಅದನ್ನು ಬಿಡಿಸುವ ನೆಪದಲ್ಲಿ ಇಳಿದವನು ಮೇಲೆ ಬರಲೇ ಇಲ್ಲ. ಮನೆಯಲ್ಲಿ ಮಾತು ಬಿಸಿಯಾಗುವ ದಿನ ಅವನಿಗೆ ಮೊದಲೇ ವಾಸನೆ ಹತ್ತುತ್ತದೆ.

ಮೇಲೆ ಶಿವಪುತ್ರಪ್ಪ, ಅವನ ಪಕ್ಕದಲ್ಲಿ ಸೋನಾಲಿ. ಎದುರಿಗೆ ಇಸ್ತ್ರಿ ಅಂಗಿಯ ಮನೋಹರ. ತಿಪ್ಪಣ್ಣ ಕಂಬಳಿ ಹಾಸಿ ಕುಳಿತು ದನಿ ಎತ್ತಿದ.

“ಆನಿ ಬೆಡಗಿನ ಮನಿ, ಅಗಸಿ ಮುಂದಿನ ಮನಿ, ಬಂದವರಿಗೆ ಮಜ್ಜಿಗಿ ಇಲ್ಲ ಅನ್ನದ ಮನಿ…”

ಯಮನವ್ವ ಸೆರಗು ಸರಿಮಾಡಿಕೊಂಡಳು. ಆನೆ! ಅವಳ ನಡುವೇ ನೆಟ್ಟಗಾಯಿತು.

“ಆ ಮನ್ಯಾಗ ಸಿದ್ರಾಮ…” ತಿಪ್ಪಣ್ಣನಿಗೆ ಕೆಮ್ಮು ಬಂತು. ನೀರು ಕುಡಿದ. “ಸಿದ್ರಾಮನ ಮಗ ಭೀಮಣ್ಣ…”

ಶಿವಪುತ್ರಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. “ಆನಿ ಬೆಡಗು ಅಂದ್ರ್ಯಾ?”

“ಹೌದ್ರಿ,” ಎಂದಳು ಯಮನವ್ವ, ಇನ್ನೂ ಆನೆಯ ಮೇಲೇ ಕುಳಿತು. “ಯಾಕ್ರಿ?”

“ನಮ್ಮದೂ ಆನಿನ ರೀ.”

ಸೋನಾಲಿ ತಲೆ ತಗ್ಗಿಸಿದಳು. ಯಮನವ್ವ ಮನೋಹರನ ಮುಖ ನೋಡಿದಳು. ಚಿಕ್ಕವನಿದ್ದಾಗ ಜೇಜುರಿ ಗುಡಿಯ ಮೆಟ್ಟಿಲ ಮೇಲೆ ಅವಳ ಕೈ ತಪ್ಪಿ ನಿಂತಿದ್ದನಲ್ಲ, ಅದೇ ಮುಖ.

“ಮುಗೀತಲ್ಲ,” ಎಂದು ಶಿವಪುತ್ರಪ್ಪ ಚಪ್ಪಲಿ ಹುಡುಕತೊಡಗಿದ. “ಅಣ್ಣತಮ್ಮರಾದ್ವಿ. ನಡಿಯವ್ವ ಸೋನಾಲಿ.”

ಆಗ ಯಮನವ್ವನಿಗೆ ಆ ಕೆಮ್ಮು ನೆನಪಾಯಿತು.

“ತಿಪ್ಪಣ್ಣ, ನುಂಗಿದ್ದರಾಗ ಏನರ ಅದ ಏನು?”

“ಮಾತು ಕೊಟ್ಟೀನಿ ಯವ್ವಾ. ನುಂಗಿದ್ದು ತೆಗಿಯೂದಿಲ್ಲ.”

“ನಾನ ಹೇಳಾಕತ್ತೀನಿ, ತೆಗಿ.”

“ಬೀಗರು ಕುಂತಾರ್ರಿ.”

“ಬೀಗರು ಎದ್ದು ಹೊಂಟಾರೋ! ತೆಗಿ!”

ಸಾಬವ್ವ ಬಾಗಿಲಿಗೆ ಬಂದು ನಿಂತಳು. “ಅತ್ತಿ, ಪಾಪ ಅವಗ ಏನು ನುಂಗಿಸೀರಿ?”

ಸೊಸೆಯ ಎದುರಿಗೇ ಯಮನವ್ವ ಹೆಳವನಿಗೆ ಕೈ ಮುಗಿದಳು. ತಿಪ್ಪಣ್ಣ ಗಂಟಲು ಸರಿಮಾಡಿಕೊಂಡ.

“ಸಿದ್ರಾಮ ಹುಟ್ಟಿನಿಂದ ಆನಿ ಬೆಡಗಿನವ ಅಲ್ರಿ. ಜೀರಿಗಿ ಬೆಡಗಿನವ. ನೂರೈವತ್ತು ವರ್ಷದ ಹಿಂದ ರೈಲು ಹಳಿ ಹಾಕಾಕ ಬಂದಾವ, ಆನಿ ಬೆಡಗಿನವರ ಮನ್ಯಾಗ ಒಂದು ಹೊತ್ತಿನ ಊಟಕ್ಕ ನಿಂತ. ಅವರಿಗೆ ಒಬ್ಬಾಕಿನ ಮಗಳು. ರೈಲು ಮುಂದ ಹೋತು, ಇವ ಹೋಗಲಿಲ್ಲ.”

“ಅಂದ್ರ?” ಎಂದಳು ಯಮನವ್ವ.

“ಮನಿಅಳಿಯ ರೀ. ಊಟದ ಜೋಡಿ ಅವರ ಬೆಡಗೂ ಹತ್ತಿಕೊಂಡ್ತು. ರಕ್ತ ಮಾತ್ರ ಜೀರಿಗಿ.”

ಶಿವಪುತ್ರಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ತಿರುಗಿದ. “ಹಂಗಾರ ಅಣ್ಣ ತಂಗಿ ಅಲ್ಲ?”

“ಎಲ್ಲೀದು ರೀ. ಆನಿ ಬೆಡಗಿನ ಮಗಳನ್ನ ತಗೊಂಡವರು ಇವರು.”

ಮನೋಹರ ಉಸಿರು ಬಿಟ್ಟದ್ದು ಅಡುಗೆಮನೆಗೂ ಕೇಳಿಸಿತು. ಸೋನಾಲಿ ನಕ್ಕಳು. ಯಮನವ್ವ ಗೋಡೆಗೆ ಒರಗಿದಳು. ಆನೆಯ ಮೇಲಿಂದ ಜೀರಿಗೆ ಡಬ್ಬಿಗೆ ಬಿದ್ದಿದ್ದಳು. ಆದರೂ ಎಲ್ಲೂ ನೋವಾಗಿರಲಿಲ್ಲ, ಇಷ್ಟು ಸುಖವಾಗಿ ಅವಳು ಎಂದೂ ಬಿದ್ದಿರಲಿಲ್ಲ.

ಶಿವಪುತ್ರಪ್ಪ ಚಪ್ಪಲಿ ಬಿಚ್ಚಿ ಬಂದು ಮತ್ತೆ ಕುಳಿತ. “ತಿಪ್ಪಣ್ಣ, ಆ ಸಿದ್ರಾಮ ಮಾವನ ಮನ್ಯಾಗ ಏನು ಕೆಲಸ ಮಾಡ್ತಿದ್ದ?”

ತಿಪ್ಪಣ್ಣ ಯಮನವ್ವನ ಕಡೆ ನೋಡಿದ. ನುಂಗಲೋ ಬೇಡವೋ ಎಂಬ ನೋಟ. ಅವಳು ಹೇಳೆಂದು ಕೈಯಾಡಿಸಿದಳು.

“ಎಮ್ಮಿ ಹಿಂಡ್ತಿದ್ದ ರೀ.”

“ಕೇಳಿದ್ರೇನ್ರಿ ಯಮನವ್ವನೋರ? ಆವತ್ತಿನಿಂದ ನೀವು ನಮ್ಮ ಬೆಡಗಿನ ಅಳಿಯಂದಿರು. ಇಷ್ಟು ವರ್ಷದ ಪದ್ಧತಿ ಈಗ್ಯಾಕ ಮುರಿಯೂದು? ಹುಡುಗ ಬಾರಾಮತಿಗೆ ಬರ್ಲಿ. ಎಮ್ಮಿ ಕಾಯಾಕತ್ತಾವ.”

ಕೆಳಗೆ ಎತ್ತಿನ ಗಂಟೆ ಅಲ್ಲಾಡಿತು. ಎಲ್ಲರೂ ಯಮನವ್ವನ ಬಾಯಿ ನೋಡಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಸೊಸೆಯ ಕಡೆ ಒಮ್ಮೆ ನೋಡಿದಳು, ಆಮೇಲೆ ಮೆಲ್ಲಗೆ ಕೇಳಿದಳು:

“ಮನಿಅಳಿಯನ ಆಯಿಗೆ ಅಲ್ಲಿ ಇರಾಕ ಒಂದು ಖೋಲಿ ಅದ ಏನ್ರಿ?”