ಒಂಬತ್ತನೇ ಮೇಜಿನ ಅನಧಿಕೃತ ಹಾಜರಿ

ಕಟ್ಟಡ ಪರವಾನಗಿ ಇಲಾಖೆಯಲ್ಲಿ ಸ್ಕ್ಯಾನರ್ ಕೆಟ್ಟಿದೆ ಎಂಬ ದೂರು ಇಂದಿನವರೆಗೆ ಒಂದೂ ದಾಖಲಾಗಿಲ್ಲ. ದೂರು ಕೊಡುವವರು ದೂರಿನ ಪತ್ರವನ್ನು ಸ್ಕ್ಯಾನ್ ಮಾಡಿಯೇ ಕಳಿಸತಕ್ಕದ್ದು ಎಂಬುದು ನಿಯಮ. ಆದ್ದರಿಂದ ಇಲಾಖೆಯ ಎಲ್ಲ ಸ್ಕ್ಯಾನರ್‌ಗಳೂ ಸುಸ್ಥಿತಿಯಲ್ಲಿವೆ.

ಈ ಸುಸ್ಥಿತಿ ಶುರುವಾದದ್ದು ಹಳೆಯ ಕಂಪ್ಯೂಟರ್‌ಗಳನ್ನೆಲ್ಲ ಹೊತ್ತೊಯ್ದು, ಹನ್ನೊಂದು ಮೇಜುಗಳ ಮೇಲೂ ಊಟದ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ ಇಟ್ಟ ದಿನ. ಅದರ ಹೆಸರು ಥಿನ್ ಕ್ಲೈಂಟ್. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಬುದ್ಧಿಯೆಲ್ಲ ಕೇಂದ್ರ ಕಚೇರಿಯ ಸರ್ವರ್‌ನಲ್ಲಿ. ಅಲ್ಲಿಂದ ಹೇಳಿದ್ದನ್ನು ಇದು ಇಲ್ಲಿ ತೋರಿಸಬೇಕು, ಮುಂದೆ ಕೂತವರ ಹಾಜರಿಯನ್ನು ಅಲ್ಲಿಗೆ ತಿಳಿಸಬೇಕು, ಅಷ್ಟೆ. ನೌಕರರಿಗೆ ಈ ಏರ್ಪಾಟು ಹೊಸದೇನೂ ಅನ್ನಿಸಲಿಲ್ಲ.

ಒಂಬತ್ತನೇ ಮೇಜಿನಲ್ಲಿ ಕೂರುತ್ತಿದ್ದವಳು ನಕ್ಷೆ ಗುಮಾಸ್ತೆ. ಇಪ್ಪತ್ತಾರು ವರ್ಷ ಜನರ ಮನೆಗಳ ನಕ್ಷೆ ಬಿಚ್ಚಿ, ಮಡಿಸಿ, ಕಡತಕ್ಕೆ ಸೇರಿಸಿದವಳಾದ್ದರಿಂದ ಎಲ್ಲರ ಬಾಯಲ್ಲೂ ನಕ್ಷೆಯಕ್ಕ. ಅವಳ ಒಬ್ಬಳೇ ಮಗಳು ಒಂದು ಹಗಲಿನ ರೈಲುದಾರಿಯಾಚೆ, ಬಂದರು ಊರಿನಲ್ಲಿ, ಏಳು ತಿಂಗಳ ಬಸುರಿ. ಅಳಿಯ ಹಡಗಿನ ಮೇಲೆ. ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದ್ದರು. ರಜೆ ಕೇಳೋಣವೆಂದರೆ, ಹೊಸ ವ್ಯವಸ್ಥೆ ನೆಲೆಗೊಳ್ಳುವವರೆಗೆ ಯಾರಿಗೂ ರಜೆ ಇಲ್ಲವೆಂಬ ಸುತ್ತೋಲೆ ಗೋಡೆಯ ಮೇಲಿತ್ತು. ಉಳಿದದ್ದು ವರ್ಗಾವಣೆಯೊಂದೇ.

"ಅಮ್ಮಾ, ಯಾವಾಗ ಬರ್ತೀಯಾ?" ಎಂದು ಮಗಳು ದಿನವೂ ಫೋನಿನಲ್ಲಿ ಕೇಳುವಳು.

"ಅರ್ಜಿ ಬರೆದಿಟ್ಟಿದೀನಿ ಕಣೇ. ಸ್ಕ್ಯಾನ್ ಒಂದು ಆಗ್ಲಿ, ಹೊರಟುಬಿಡ್ತೀನಿ."

ಆದರೆ ಸ್ಕ್ಯಾನ್ ಆಗಬೇಕಲ್ಲ! ಸ್ಕ್ಯಾನರಿನ ವೈರನ್ನು ಪೆಟ್ಟಿಗೆಗೆ ಚುಚ್ಚಿದರೆ ಹಸಿರು ದೀಪ ಹತ್ತುತ್ತಿತ್ತು. ಕಾಗದ ಗರ್ರೆಂದು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಹನ್ನೊಂದು ಮೇಜಿನಲ್ಲೂ ಇದೇ ಕಥೆ. ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕರೆಸಿದರು. ಯಾವ ರೋಗಕ್ಕೂ ಅವರ ಬಳಿ ಇದ್ದ ಮದ್ದು ಒಂದೇ ಆದ್ದರಿಂದ ಅವರಿಗೆ ರೀಸ್ಟಾರ್ಟ್ ರಾಯರೆಂದೇ ಹೆಸರು.

"ಯುಎಸ್‌ಬಿ ತೆಗೆದು ಹಾಕಿದ್ರಾ?"

"ಹಾಕಿದೆ ಸಾರ್."

"ತಿರುಗಿಸಿ ಹಾಕಿದ್ರಾ?"

"ಮೂರು ಸಲ ತಿರುಗಿಸಿದೆ. ಕೊನೆಗೆ ಮೊದಲು ಹಿಡಿದಿದ್ದ ಕಡೆಯಿಂದಾನೇ ಒಳಗೆ ಹೋಯ್ತು."

"ಕುಣಿಯಲಾರದವರು ನೆಲ ಡೊಂಕು ಅಂದರಂತೆ. ರೀಸ್ಟಾರ್ಟ್ ಮಾಡಿ," ಎಂದು ರಾಯರು ಹೊರಟರು.

ಒಂಬತ್ತನೆಯ ದಿನ ಬಂದರು ಶಾಖೆಯಿಂದ ಫೋನು ಬಂತು. "ಏನ್ರಮ್ಮಾ, ನಿಮ್ಮೂರಿನ ಮನೆಗಳೆಲ್ಲ ನಮ್ಮ ಪರದೆ ಮೇಲೆ ಬಂದು ನಿಲ್ತಿವೆಯಲ್ಲ, ಇವನ್ನ ಎಲ್ಲಿಡೋಣ?" ಸಂಜೆಯೊಳಗೆ ಇನ್ನೂ ಹತ್ತು ಊರುಗಳಿಂದ ಇದೇ ಪ್ರಶ್ನೆ ಬಂತು. ವಿಚಾರಿಸಲಾಗಿ ತಿಳಿದದ್ದಿಷ್ಟು: ಎಲ್ಲ ಶಾಖೆಗಳ ಪೆಟ್ಟಿಗೆಗಳೂ ಒಂದೇ ಲಾರಿಯಲ್ಲಿ ಬಂದಿದ್ದವು, ಇಳಿಸಿದವರು ಕೈಗೆ ಸಿಕ್ಕ ಹನ್ನೊಂದನ್ನು ಎಣಿಸಿ ಇಳಿಸಿದ್ದರು. ಲೆಕ್ಕ ಸರಿಯಿತ್ತು. ಊರು ಮಾತ್ರ ಬೇರೆ ಬೇರೆ. ಒಂಬತ್ತನೇ ಮೇಜಿನ ಪೆಟ್ಟಿಗೆ ಬಂದರು ಶಾಖೆಯದು ಎಂದು ಸರ್ವರ್ ನಂಬಿತ್ತು, ಅಲ್ಲಿ ತಿನಿಸಿದ ಕಾಗದವನ್ನೆಲ್ಲ ನಿಷ್ಠೆಯಿಂದ ಬಂದರಿಗೆ ಮುಟ್ಟಿಸುತ್ತಿತ್ತು.

"ಪೆಟ್ಟಿಗೆ ಅದಲುಬದಲು ಮಾಡಿದ್ರೆ ಆಯ್ತಲ್ಲ ಸಾರ್?" ಎಂದು ನಕ್ಷೆಯಕ್ಕ ಸಾಹೇಬರನ್ನು ಕೇಳಿದಳು.

"ಸರ್ಕಾರಿ ಸಾಮಾನು ಕಣಮ್ಮಾ. ಜರುಗಿಸೋಕೆ ಸಾಮಗ್ರಿ ಚಲನಾ ನಮೂನೆ ತುಂಬಿ, ಅದನ್ನ ನಮ್ಮ ಶಾಖೆಯಿಂದಲೇ..."

"ಸ್ಕ್ಯಾನ್ ಮಾಡ್ಬೇಕು," ಎಂದು ಅವಳೇ ಮುಗಿಸಿದಳು.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಮರುದಿನ ಗೋಡೆಯ ಮೇಲೆ, ರಜೆಯ ಸುತ್ತೋಲೆಯ ಪಕ್ಕದಲ್ಲಿ, ಒಂದು ಪಟ್ಟಿ ಬಂತು:

"ಸಾರ್ವಜನಿಕರ ಹಾಗೂ ಸಿಬ್ಬಂದಿಯ ಗಮನಕ್ಕೆ. ಯಾವ ಮೇಜಿನ ಕಾಗದ ಯಾವ ಊರಿಗೆ ಹೋಗುತ್ತದೆ ಎಂಬ ವಿವರ ಕೆಳಗಿದೆ. ಆಯಾ ಊರಿನ ಶಾಖೆಯವರು ಪರದೆಯ ಮೇಲೆ ಕಂಡದ್ದನ್ನು ಮುದ್ರಿಸಿ ಅಂಚೆಯಲ್ಲಿ ಹಿಂದಿರುಗಿಸತಕ್ಕದ್ದು. ಅಂಚೆಯಲ್ಲಿ ಬಂದ ಕಾಗದವನ್ನು ಸ್ಕ್ಯಾನ್ ಆದ ಕಾಗದವೆಂದೇ ಭಾವಿಸತಕ್ಕದ್ದು."

ಎಲ್ಲರೂ ಹಾಗೇ ಭಾವಿಸಿದರು. ಬಂದರಿನ ಮುದ್ರಣಯಂತ್ರಕ್ಕೆ ನಕ್ಷೆಯ ಅಗಲ ಹಿಡಿಸದೆ ಬಲಬದಿಯ ಎರಡಂಗುಲ ಬಿಟ್ಟುಹೋಗುತ್ತಿತ್ತು. ಹಾಗಾಗಿ ಆ ತಿಂಗಳು ಊರಿನಲ್ಲಿ ಅಡುಗೆಮನೆಯಿಲ್ಲದ ಹದಿನೇಳು ಮನೆಗಳಿಗೆ ಪರವಾನಗಿ ಸಿಕ್ಕಿತು. ಒಬ್ಬ ಮಾಲೀಕರು ಬಂದು ಕೂಗಾಡಿದರು. ಅಡುಗೆಮನೆ ಕಟ್ಟಿದರೆ ಒತ್ತುವರಿಯಾಗುತ್ತದೆ ಎಂದು ಸಾಹೇಬರು ತಾಳ್ಮೆಯಿಂದ ತಿಳಿಹೇಳಿ ಕಳಿಸಿದರು. ನೂರಕ್ಕೆ ನೂರು ಸ್ಕ್ಯಾನಿಂಗ್ ಸಾಧಿಸಿದ್ದಕ್ಕೆ ಕೇಂದ್ರ ಕಚೇರಿಯಿಂದ ಶಾಖೆಗೆ ಗಾಜಿನ ಫಲಕವೂ ಬಂತು.

ನಕ್ಷೆಯಕ್ಕ ತನ್ನ ವರ್ಗಾವಣೆ ಅರ್ಜಿಯನ್ನು ತಾನೇ ಒಂಬತ್ತನೇ ಮೇಜಿನಲ್ಲಿ ತಿನಿಸಿದ್ದಳು. ಬಂದರಿನವರು ಪಾಪ, ಒಳ್ಳೆಯವರು, ಅದನ್ನು ಕೇಂದ್ರಕ್ಕೆ ಮುಟ್ಟಿಸಿದರು. ಉತ್ತರ ಬಂದರಿನ ವಿಳಾಸಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂತು:

"ಅರ್ಜಿದಾರರು ಕಳೆದ ಮೂವತ್ತೆಂಟು ದಿನಗಳಿಂದ ಬಂದರು ಶಾಖೆಯಲ್ಲಿಯೇ ದಕ್ಷತೆಯಿಂದ ಕಾರ್ಯನಿರ್ವಹಿಸುತ್ತಿರುವುದು ಸರ್ವರ್‌ನಿಂದ ದೃಢಪಟ್ಟಿದೆ. ಇರುವ ಊರಿನಿಂದ ಇರುವ ಊರಿಗೇ ವರ್ಗಾವಣೆ ನೀಡಲು ನಿಯಮಗಳಲ್ಲಿ ಅವಕಾಶವಿಲ್ಲ. ಅರ್ಜಿ ತಿರಸ್ಕೃತ."

ಅವಳಿಗೆ ಅಳು ಬಂತು. ಬಾರದೆ ಏನು? ಮಗಳಿಗೆ ಎಂಟು ತುಂಬುತ್ತಿತ್ತು, ಎದ್ದು ಒಂದು ಲೋಟ ನೀರು ಕುಡಿಯಲೂ ಪಕ್ಕದ ಮನೆಯವರ ದಾರಿ ಕಾಯುತ್ತಿದ್ದಳು. ಕಣ್ಣೊರೆಸಿಕೊಂಡು ಕಾಗದವನ್ನು ಸಾಹೇಬರ ಮುಂದಿಟ್ಟಳು. ಸಾಹೇಬರು ಓದಿದರು, ಕನ್ನಡಕ ತೆಗೆದರು, ಅವಳನ್ನು ದಿಟ್ಟಿಸಿದರು.

"ಅಲ್ಲಮ್ಮಾ, ನೀವು ಬಂದರಿನಲ್ಲಿದ್ರೆ ಇಲ್ಲಿ ದಿನಾ ಬಂದು ಕೂರ್ತಿರೋದು ಯಾರು?"

"ನಾನೇ ಸಾರ್."

"ಯಾರ ಅನುಮತಿ ತಗೊಂಡು?"

ಸ್ಕ್ಯಾನ್ ಬೇಡದ ಕಾಗದವೆಂದು ಕಚೇರಿಯಲ್ಲಿ ಉಳಿದಿದ್ದದ್ದು ಮೆಮೊ ಒಂದೇ. ಅರ್ಧ ಗಂಟೆಯಲ್ಲಿ ಅದು ಒಂಬತ್ತನೇ ಮೇಜಿಗೆ ಬಂತು. ಬಂದರು ಶಾಖೆಯ ನೌಕರರಾದ ತಾವು ಮೂವತ್ತೆಂಟು ದಿನ ಈ ಕಚೇರಿಯಲ್ಲಿ ಅನಧಿಕೃತವಾಗಿ ಹಾಜರಿದ್ದದ್ದೇಕೆ, ಇಪ್ಪತ್ತನಾಲ್ಕು ಗಂಟೆಯೊಳಗೆ ವಿವರಣೆ ನೀಡತಕ್ಕದ್ದು.

ಅವಳು ಅದನ್ನು ಎರಡು ಸಲ ಓದಿದಳು. ಎರಡನೇ ಸಲ ಓದುವಾಗ ತುಟಿಯ ತುದಿಯಲ್ಲಿ ನಗು ಕಾಣಿಸಿಕೊಂಡಿತು. ಅದನ್ನು ಸೆರಗಿನಲ್ಲಿ ಮರೆಸಿಕೊಂಡು, ಇಪ್ಪತ್ತಾರು ವರ್ಷದ ದುಂಡು ಅಕ್ಷರದಲ್ಲಿ ಬರೆದಳು: "ಅನುಮತಿಯಿಲ್ಲದೆ ಹಾಜರಿದ್ದದ್ದು ನನ್ನ ತಪ್ಪು. ಇನ್ನು ಮುಂದೆ ಇದು ಮರುಕಳಿಸುವುದಿಲ್ಲ."

"ಇದೊಂದು ಸಲ ಕ್ಷಮಿಸಿದೀನಿ," ಎಂದರು ಸಾಹೇಬರು. "ಮತ್ತೆ ಇಲ್ಲಿ ಕಾಣಿಸ್ಕೊಂಡ್ರೆ ಜೋಕೆ."

ನಕ್ಷೆಯಕ್ಕ ಊಟದ ಡಬ್ಬಿ, ಕೊಡೆ, ಕೂರುವ ದಿಂಬು ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆಯ ರೈಲು ಹತ್ತಿದಳು. ಒಂಬತ್ತನೇ ಮೇಜಿನಲ್ಲಿ ಕಾಗದ ತಿನಿಸುವ ಕೆಲಸ ಜವಾನನಿಗೆ ಬಿತ್ತು. ಬಂದರು ಶಾಖೆಯಲ್ಲಿ ಅವಳನ್ನು ಕಂಡು ಯಾರೂ ಬೆರಗಾಗಲಿಲ್ಲ. ಹಾಜರಿಯಲ್ಲಿ ಅವಳ ಹೆಸರು ಆಗಲೇ ಇತ್ತು. ಜವಾನ ಅಲ್ಲಿ ತಿನಿಸುವುದು, ಇವಳು ಇಲ್ಲಿ ಮುದ್ರಿಸಿ ಅಂಚೆಗೆ ಹಾಕುವುದು, ಸಂಜೆ ಐದಕ್ಕೆ ಎದ್ದು ಮಗಳ ಮನೆ ಸೇರುವುದು. ತಿಂಗಳು ತುಂಬಿ ಮೊಮ್ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಕ್ಷೇಮ.

ಹೆರಿಗೆ ಮುಗಿಸಿಕೊಂಡು ನಕ್ಷೆಯಕ್ಕ ಬಂದರು ಕಚೇರಿಗೆ ಹಿಂದಿರುಗಿದ ದಿನ, ಮನೆಯೊಂದರ ನಕ್ಷೆಯ ಬೆನ್ನಿಗೇ ಜವಾನನ ಕೈಬರಹದ ಹಾಳೆಯೊಂದು ಪರದೆಯ ಮೇಲೆ ಬಂತು.

"ಅಕ್ಕಾ, ಮಗು ಹೆಂಗಿದೆ? ಇಲ್ಲಿ ಎಲ್ಲರೂ ಗೋಡೆ ಮೇಲಿನ ಪಟ್ಟಿ ಬಾಯಿಪಾಠ ಮಾಡಿದಾರೆ. ಮೇಜಿಗೆ ಜಗಳ ಆಗ್ತಿದೆ. ನಾಲ್ಕನೇ ಮೇಜು ಸಾಹೇಬ್ರ ಹೆಂಡತಿ ಇರೋ ಊರಿಗೆ ಹೋಗುತ್ತಲ್ಲ, ಅದಕ್ಕೆ ಸಾಹೇಬ್ರೇ ಅಲ್ಲಿ ಕೂತು ಬೆಳಗಿಂದ ಸಂಜೆವರೆಗೂ ಹಳೇ ಪತ್ರಿಕೆ ಸ್ಕ್ಯಾನ್ ಮಾಡ್ತಿದಾರೆ. ರೀಸ್ಟಾರ್ಟ್ ರಾಯರು ರಿಪೇರಿ ಕಲಿತುಕೊಂಡು ಬಂದಿದ್ರು, ಐದೇ ನಿಮಿಷದ ಕೆಲಸ ಅಂದ್ರು. ಎಲ್ಲರೂ ಸೇರಿ ಬೈದು ಓಡಿಸಿದ್ವಿ. ನಾನಂತೂ ನಿಮ್ಮ ಮೇಜು ಬಿಟ್ಟು ಏಳಲ್ಲ. ಮೂವತ್ತೆಂಟು ದಿನ ಆಗೋಕೆ ಇನ್ನು ಆರೇ ದಿನ. ನನಗೊಂದು ಕುರ್ಚಿ ಹಿಡಿದಿಟ್ಟಿರಿ."

ನಕ್ಷೆಯಕ್ಕ ಹಾಳೆಯನ್ನು ಮುದ್ರಿಸಿದಳು, 'ಸ್ವೀಕರಿಸಲಾಗಿದೆ' ಎಂಬ ಮೊಹರು ಒತ್ತಿ ಕಡತಕ್ಕೆ ಸೇರಿಸಿದಳು. ಆಮೇಲೆ ಎದ್ದು, ತನ್ನ ಪಕ್ಕದ ಕುರ್ಚಿಯ ಮೇಲೆ ಊಟದ ಡಬ್ಬಿ ಇಟ್ಟಳು.